ಕೊಡುವವರ ಕುರ್ಚಿ

ಕಣಸೇತು ಎಂಬ ಯಂತ್ರ ಕೆಲಸ ಮಾಡುವಾಗ ಹೆಚ್ಚು ಸದ್ದು ಮಾಡುವುದಿಲ್ಲ. ಮಲಗಿದ ಮಗುವಿನ ಗೊರಕೆಯಷ್ಟು ಸಣ್ಣ ಶಬ್ದ, ನಡುನಡುವೆ ಒಂದು ಹೆಣ್ಣುದನಿ: "ದಾನಿಗಳು ದಯವಿಟ್ಟು ಅಲುಗಾಡಬೇಡಿ." ಮಂಡ್ಯದ ಹೊರಬಡಾವಣೆಯ ಒಂದು ಮನೆಯ ಪಡಸಾಲೆಯಲ್ಲಿ ಅದು ದಿನವೂ ಬೆಳಗ್ಗೆ ಇದನ್ನೇ ಹೇಳುತ್ತಿತ್ತು. ಹೇಳಿಸಿಕೊಳ್ಳುತ್ತಿದ್ದವರು ಜಯಶೀಲಮ್ಮ. ಆಗಷ್ಟೇ ಸ್ಟೇಡಿಯಂ ಸುತ್ತಿ ಬಂದು, ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ ಕುರ್ಚಿಯಲ್ಲಿ ಕೂತು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡವರು. ಅಲುಗಾಡುವ ಪೂರ್ಣ ಸ್ವಾತಂತ್ರ್ಯ ಇದ್ದದ್ದು ಯಂತ್ರದ ಇನ್ನೊಂದು ಬದಿಯಲ್ಲಿದ್ದ ಅವರ ಯಜಮಾನರಿಗೆ, ಹಾಲು ಸಂಘದ ಅಧ್ಯಕ್ಷರಾದ ಬೋರಲಿಂಗೇಗೌಡರಿಗೆ. ಗೌಡರು ಎಡಗೈಯನ್ನು ಯಂತ್ರಕ್ಕೆ ಕೊಟ್ಟು, ಬಲಗೈಯಲ್ಲಿ ಮದ್ದೂರು ವಡೆ ಮುರಿಯುತ್ತ, ಫೋನಿನಲ್ಲಿ ಒಬ್ಬರಿಗೆ ಧೈರ್ಯ ಹೇಳಿ ಇನ್ನೊಬ್ಬರನ್ನು ಗದರಿಸಿ, ಹೀಗೆ ಆರೋಗ್ಯವಂತರಾಗುತ್ತಿದ್ದರು.

ಆ ಯಂತ್ರ ದಾಟಿಸುವ ದೂತಕಣ ಎಂದರೇನೆಂದು ಗೊತ್ತಿಲ್ಲದವರು ಈಗ ಕಡಿಮೆ. ಆದರೂ ಹೇಳಿಬಿಡುವುದು ಒಳ್ಳೆಯದು. ನಮ್ಮ ದೇಹದ ಜೀವಕೋಶಗಳು ತಮ್ಮ ಪಾಡಿಗೆ ತಾವು ಇರುವ ಜಾತಿಯವಲ್ಲ. ಪ್ರತಿಯೊಂದು ಕೋಶವೂ ತನ್ನ ಪೊರೆಯ ಚೂರೊಂದನ್ನು ಚೀಲದ ಹಾಗೆ ಕಟ್ಟಿ, ಅದರೊಳಗೆ ಒಂದಷ್ಟು ಸುದ್ದಿ ತುಂಬಿ, ರಕ್ತಕ್ಕೆ ತೇಲಿಬಿಡುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದಾದ ಈ ಚೀಲವೇ ದೂತಕಣ. ನಡೆದು ದಣಿದ ಕಾಲಿನ ಸ್ನಾಯು ಕಳಿಸಿದ ಕಣ ಯಕೃತ್ತಿಗೆ ಹೋಗಿ, ಸಕ್ಕರೆ ಸುರಿದದ್ದು ಸಾಕು ಎನ್ನುತ್ತದೆ. ಕೊಬ್ಬಿನ ಹತ್ತಿರ ಹೋಗಿ, ಕೂಡಿಟ್ಟ ಗಂಟು ಬಿಚ್ಚು ಎನ್ನುತ್ತದೆ. ಉಂಡು ಉಬ್ಬಿದ ಕೊಬ್ಬಿನ ಕೋಶ ಇದನ್ನು ಕೇಳಿ ಸುಮ್ಮನಿರುವುದಿಲ್ಲ. ಅದು ತನ್ನ ಕಣಗಳನ್ನು ಕಳಿಸಿ, ಇನ್ಸುಲಿನ್ ಏನಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ ಎಂದು ಸ್ನಾಯುವಿಗೆ ಚಾಡಿ ಹೇಳುತ್ತದೆ. ಸಕ್ಕರೆ ಕಾಯಿಲೆ ಎಂದರೆ ಬಹುಮಟ್ಟಿಗೆ ಈ ಚಾಡಿಮಾತು ಗೆದ್ದಿದೆ ಎಂದರ್ಥ.

ಕಣಸೇತುವನ್ನು ಕಂಡುಹಿಡಿದವರ ಜಾಣತನ ಇದ್ದದ್ದು ಸೋಸುವುದರಲ್ಲಿ. ಒಬ್ಬರ ರಕ್ತದಿಂದ ಸ್ನಾಯುವಿನ ಕಣಗಳನ್ನಷ್ಟೇ ಆರಿಸಿ, ಅವು ಯಾರ ಮೈಯವು ಎಂಬ ಗುರುತನ್ನು ತೊಳೆದು, ಇನ್ನೊಬ್ಬರ ರಕ್ತಕ್ಕೆ ದಾಟಿಸುವ ಯಂತ್ರ ಅದು. ನಡೆಯುವವರು ಒಬ್ಬರು, ಸಕ್ಕರೆ ಇಳಿಯುವುದು ಇನ್ನೊಬ್ಬರಿಗೆ. ಕೈಕಾಲು ಬಿದ್ದುಹೋದವರಿಗೆ, ಹಾಸಿಗೆ ಹಿಡಿದವರಿಗೆ ನೆರವಾಗಲಿ ಎಂದು ಮಾಡಿದ ಯಂತ್ರ. ಮಾರುಕಟ್ಟೆಗೆ ಬಂದಮೇಲೆ ಅದನ್ನು ಮೊದಲು ಕೊಂಡವರು ಕೈಕಾಲು ಚೆನ್ನಾಗಿದ್ದವರು.

ಗೌಡರ ಕೈಕಾಲೂ ಚೆನ್ನಾಗಿಯೇ ಇದ್ದವು. ಯಂತ್ರ ಮನೆಗೆ ಬರುವ ಮೊದಲು ಬಲಗಾಲಿನ ಹೆಬ್ಬೆರಳಿನ ಹತ್ತಿರ ಮಾತ್ರ ಸಕ್ಕರೆ ಕಾಯಿಲೆಯ ಒಂದು ಗಾಯ ಆರದೆ ಕೂತಿತ್ತು. ಅದನ್ನು ನೋಡಿ ಡಾಕ್ಟರ್ ಇಂಚರಾ ಹೌಹಾರಿದ್ದಳು. ಊರಿನ ಆಸ್ಪತ್ರೆಯಲ್ಲಿ ದೂತಕಣಗಳ ವಿಭಾಗ ನೋಡಿಕೊಳ್ಳುತ್ತಿದ್ದ ಎಳೆಯ ವಿಜ್ಞಾನಿ ಆಕೆ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾಗುತ್ತದೆ ಎಂದಳು.

"ಊಟ ಕಡಿಮೆ ಮಾಡಬೇಕು ಗೌಡ್ರೇ. ದಿನಾ ನಡೀಬೇಕು."

"ಡಾಕ್ಟ್ರಮ್ಮ, ನಾನು ಉಂಡೇ ಗೆದ್ದೋನು. ಬೀಗರೂಟಕ್ಕೆ ಹೋಗಿ ಎಲೆ ಮುಂದೆ ಕೂತು ಸಾಕು ಅಂದ್ರೆ, ಗೌಡ್ರಿಗೆ ನಮ್ಮನೆ ಬಾಡು ರುಚಿಸ್ನಿಲ್ಲ ಅಂತಾರೆ. ಒಂದು ಮನೇಲಿ ಉಣ್ಣದೆ ಬಂದ್ರೆ ಒಂದು ಕೇರಿ ವೋಟು ಹೋಯ್ತದೆ."

"ನಡೆಯೋಕೇನು?"

"ನಾನು ನಡ್ಕೊಂಡೋದ್ರೆ, ಗೌಡ ಕಾರು ಮಾರ್ಕೊಂಡ ಅಂತಾರೆ."

ಇಂಚರಾ ಕಣಸೇತುವಿನ ವಿಷಯ ಹೇಳಿದಳು. ನಿಮಗಾಗಿ ದಿನವೂ ನಡೆಯುವವರು ಒಬ್ಬರು ಬೇಕು ಎಂದಳು. ಗೌಡರು ತಮ್ಮನನ್ನು ಕೇಳಿದರು. ತಮ್ಮ, ನಂಗೇನು ಸಿಗ್ತದೆ ಎಂದ. ಕಾರಿನ ಡ್ರೈವರನ್ನು ಕೇಳಿದರು. ಅವನು ಊರಲ್ಲಿ ಅಜ್ಜಿಗೆ ಹುಷಾರಿಲ್ಲ ಎಂದು ಹೋದವನು ತಿರುಗಿ ಬರಲೇ ಇಲ್ಲ. ಕೊನೆಗೆ ಮತ್ತೆ ಆಸ್ಪತ್ರೆಗೆ ಬಂದ ದಿನ ಗೌಡರ ಕಣ್ಣು, ಎಂದಿನಂತೆ ಗೋಡೆಗೆ ಒರಗಿ ಗಂಡನ ಔಷಧಿ ಚೀಲ ಹಿಡಿದು ನಿಂತಿದ್ದ ಜಯಶೀಲಮ್ಮನ ಮೇಲೆ ಬಿತ್ತು.

"ಇವ್ಳಿಲ್ಲೇ ಅವ್ಳಲ್ಲ," ಎಂದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರ ದನಿ ಅದು.

"ಅಮ್ಮಾ, ನಿಮಗೆ ಒಪ್ಪಿಗೆನಾ?" ಇಂಚರಾ ಕೇಳಿದಳು.

ಯಾರಾದರೂ ತಮ್ಮ ಒಪ್ಪಿಗೆ ಕೇಳಿಯಾರು ಎಂಬ ಅಂದಾಜೇ ಜಯಶೀಲಮ್ಮನಿಗೆ ಇರಲಿಲ್ಲ. "ಅವ್ರಿಗೆ ವಾಸಿ ಆಗೋದಾದ್ರೆ ನಂಗೇನವ್ವ," ಎಂದರು. ಗಂಡನ ಆಯಸ್ಸಿಗೆಂದು ಶನಿವಾರ ಒಪ್ಪೊತ್ತು ಮಾಡುವವರು, ಭೀಮನ ಅಮಾವಾಸ್ಯೆಗೆ ಗಂಡನ ಪಾದ ತೊಳೆಯುವವರು. ಅದರ ಜೊತೆಗೆ ಇದೊಂದು. ಹೆಂಗಸರನ್ನು ಒಪ್ಪಿಸುವುದು ಹೇಗೆ ಎಂದು ಆಸ್ಪತ್ರೆಯವರು ದೊಡ್ಡ ಪ್ರಚಾರಕ್ಕೆ ತಯಾರಿ ಮಾಡಿಕೊಂಡಿದ್ದರಂತೆ. ಅದು ಬೇಕಾಗಲೇ ಇಲ್ಲ. ಒಬ್ಬರು ಹಸಿದರೆ ಇನ್ನೊಬ್ಬರ ಆಯಸ್ಸು ಹೆಚ್ಚುತ್ತದೆ ಎಂಬುದು ವಿಜ್ಞಾನಕ್ಕೆ ಹೊಸದು, ನಮ್ಮ ಹೆಂಗಸರಿಗೆ ಮದುವೆಯಾದ ದಿನದಿಂದ ಗೊತ್ತು.

ಜಯಶೀಲಮ್ಮ ನಡೆಯತೊಡಗಿದರು. ಗಂಡನಿಗೆ ಹೇಳದ ಒಂದು ಸಂಗತಿ ಅದರಲ್ಲಿತ್ತು. ಅವರಿಗೆ ನಡಿಗೆ ಇಷ್ಟವಾಗಿಬಿಟ್ಟಿತ್ತು. ಅದುವರೆಗೆ ಕೈಯಲ್ಲಿ ತರಕಾರಿ ಚೀಲವೋ ಹಾಲಿನ ಕ್ಯಾನೋ ಅರಿಶಿನ ಕುಂಕುಮದ ತಟ್ಟೆಯೋ ಇಲ್ಲದೆ ಅವರು ಮನೆಯಿಂದ ಹೊರಗೆ ಕಾಲಿಟ್ಟದ್ದಿಲ್ಲ. ಈಗ ಎರಡೂ ಕೈ ಬೀಸಿಕೊಂಡು, ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು, ಬೆಳಗಿನ ತಂಪಿನಲ್ಲಿ ಸ್ಟೇಡಿಯಂ ಸುತ್ತುವಾಗ ಯಾರೂ ಏನೂ ಕೇಳುತ್ತಿರಲಿಲ್ಲ. ಗಂಡನಿಗೋಸ್ಕರ ನಡೆಯುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಆ ಒಂದು ತಾಸು ಅವರಿಗೆ ಎಷ್ಟು ಹಿತವಾಗಿತ್ತೆಂದರೆ, ಇದು ತಪ್ಪೇನೋ ಎಂಬ ಸಣ್ಣ ಅಳುಕೂ ಒಳಗಿತ್ತು.

ಗೌಡರ ಗಾಯ ಮಾಗಿತು. ಸಕ್ಕರೆ ಇಳಿಯಿತು. ಇಳಿದ ಸಂತೋಷಕ್ಕೆ ಮುದ್ದೆ ಎರಡಿದ್ದದ್ದು ಮೂರಾಯಿತು, ಬೀಗರೂಟಗಳಲ್ಲಿ ಮಜ್ಜೆ ತುಂಬಿದ ನಲ್ಲಿ ಮೂಳೆ ಅವರ ಎಲೆಗೇ ಬೀಳತೊಡಗಿತು. "ನಡೆಯೋದು ಅವ್ಳು ಮಾಡ್ತಾಳೆ, ಉಣ್ಣೋದು ನಾನು ಮಾಡ್ತೀನಿ, ಸಂಸಾರ ಅಂದ್ರೆ ಇದೇ ಅಲ್ವಾ?" ಎಂದು ಅವರು ಸಭೆಗಳಲ್ಲಿ ಹೇಳಿದಾಗ ಗಂಡಸರು ಚಪ್ಪಾಳೆ ತಟ್ಟಿದರು, ಮನೆಗೆ ಹೋಗಿ ಹೆಂಡತಿಯರಿಗೆ ಶೂ ಕೊಡಿಸಿದರು. ಬೆಳಗಾದರೆ ಸ್ಟೇಡಿಯಂನಲ್ಲಿ ಕಾಲಿಡಲು ಜಾಗವಿಲ್ಲ. ಅಲ್ಲಿ ಸುತ್ತುತ್ತಿದ್ದದ್ದು ಹೆಂಗಸರಾದರೂ ಅಷ್ಟೂ ಆರೋಗ್ಯ ಇನ್ನೆಲ್ಲೋ ಮುಸುಕು ಹೊದ್ದು ಮಲಗಿತ್ತು.

ಜಯಶೀಲಮ್ಮನಿಗೆ ಬರಬರುತ್ತ ಬಾಯಾರಿಕೆ ಹೆಚ್ಚಾಯಿತು. ಸೂಜಿಗೆ ದಾರ ಪೋಣಿಸಲು ಆಗದಾಯಿತು. ವಯಸ್ಸಾಯಿತು ಎಂದುಕೊಂಡರು. ರವಿಕೆ ಸಡಿಲವಾದಾಗ ಅಕ್ಕಪಕ್ಕದವರು ಎಷ್ಟು ಸಣ್ಣಗಾದಿರಿ ಎಂದು ಹೊಗಳಿದರು, ಅದಕ್ಕೂ ಸಂತೋಷಪಟ್ಟರು. ಬೆಳಗ್ಗೆ ನಡೆದು ಬಂದು, ಯಂತ್ರಕ್ಕೆ ಕೈಕೊಟ್ಟು, ಎದ್ದು ಅಡುಗೆ ಮಾಡಿ ಎಲ್ಲರಿಗೂ ಬಡಿಸಿ, ಹೊತ್ತು ಇಳಿದಮೇಲೆ ಮಿಕ್ಕಿದ ಅನ್ನಕ್ಕೆ ಮಿಕ್ಕಿದ ಸಾರು ಕಲಸಿ ಉಣ್ಣುವ ಹೊತ್ತಿಗೆ ಕಾಲುಗಳು ಮರಗಟ್ಟಿರುತ್ತಿದ್ದವು. ಅದನ್ನು ಯಾರಿಗೆ ಹೇಳುವುದು? ಹೇಳಿದರೆ ನಡಿಗೆ ನಿಲ್ಲಿಸು ಎಂದಾರು ಎಂಬ ಭಯವೂ ಇತ್ತು.

ಹೀಗೇ ಕೆಲವು ವರ್ಷ ನಡೆದಮೇಲೆ ಒಂದು ದಿನ ಗೌಡರ ಸಕ್ಕರೆ ಏರಿತು. ಮಾರನೆಯ ದಿನ ಇನ್ನಷ್ಟು ಏರಿತು. ಸಂಘದ ಚುನಾವಣೆ ಹತ್ತಿರ ಬಂದಿತ್ತು, ಊಟಗಳು ಸಾಲುಗಟ್ಟಿ ಕಾದಿದ್ದವು. ಗೌಡರು ಯಂತ್ರವನ್ನು ಕಾರಿನ ಹಿಂದೆ ಹಾಕಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು.

"ಮಿಷನ್ ಕೆಟ್ಟದೆ ಡಾಕ್ಟ್ರಮ್ಮ. ಬದಲಾಯಿಸಿಕೊಡಿ."

ಇಂಚರಾ ಪರೀಕ್ಷೆ ಮಾಡಿದಳು. ಯಂತ್ರ ಸರಿಯಾಗಿತ್ತು. ಆದರೆ ಕೊಡುವವರ ಕಡೆಯ ಕೊಳವೆಯಲ್ಲಿ ಸ್ನಾಯುಕಣಗಳು ಬರುವುದೇ ಅಪರೂಪವಾಗಿತ್ತು. ಅವಳು ಏನೋ ನೆನಪಾದವಳಂತೆ ತಿರುಗಿ, ಜಯಶೀಲಮ್ಮನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಮೀಟರಿಗೆ ಹಾಕಿದಳು. ಬಂದ ಅಂಕಿಯನ್ನು ನಂಬದೆ ಇನ್ನೊಂದು ಬೆರಳು ಚುಚ್ಚಿದಳು.

"ಅಮ್ಮಾ, ನಿಮ್ಮ ಸಕ್ಕರೆ ಯಾವಾಗ ನೋಡಿದ್ರು?"

"ನಂದಾ? ಇಲ್ಲವ್ವ, ಅವ್ರುದು ದಿನಾ ನೋಡ್ತೀವಿ."

ಗೌಡರಿಗೆ ಅವರ ಜೀವಮಾನದಲ್ಲಿ ಎಂದೂ ಏರದಷ್ಟು ಸಕ್ಕರೆ ಜಯಶೀಲಮ್ಮನ ರಕ್ತದಲ್ಲಿತ್ತು. ಕಣ್ಣನ್ನೂ ಪರೀಕ್ಷಿಸಿದರೆ, ಹಿಂಬದಿಯ ಸಣ್ಣ ರಕ್ತನಾಳಗಳು ಆಗಲೇ ಸೋರತೊಡಗಿದ್ದವು.

"ಅದೆಂಗಾಯ್ತದೆ?" ಎಂದರು ಗೌಡರು. "ಇವ್ಳು ದಿನಾ ನಡೀತಾಳೆ. ಬೀಗರೂಟಕ್ಕೂ ಬರಾಕಿಲ್ಲ. ಉಳುದದ್ದು ಉಣ್ಕೊಂಡು ಇರೋಳು."

"ನಡೆದರು. ನಡೆದದ್ದು ನಿಮಗೆ ಬಂತು." ಇಂಚರಾಳ ಮುಖ ಬಿಳಿಚಿತ್ತು. "ಸ್ನಾಯು ಕಳಿಸಿದ ಒಳ್ಳೆ ಸುದ್ದಿಯನ್ನೆಲ್ಲ ಯಂತ್ರ ಸೋಸಿ ನಿಮಗೆ ದಾಟಿಸ್ತು. ಚಾಡಿ ಹೇಳೋ ಕಣಗಳನ್ನ ಮಾತ್ರ ಅವರಲ್ಲೇ ಬಿಡ್ತು. ಹೊತ್ತಲ್ಲದ ಹೊತ್ತಲ್ಲಿ ಊಟ, ಸರಿಯಾಗಿ ನಿದ್ದೆ ಇಲ್ಲ, ಇದ್ದ ಕೊಬ್ಬು ಸುಮ್ಮನಿರುತ್ತಾ? ಬರೀ ಚಾಡಿ ಕೇಳಿ ಕೇಳಿ ಅವರ ಸ್ನಾಯುಗಳು ಈಗ ಕೆಲಸ ನಿಲ್ಲಿಸಿವೆ. ಅದಕ್ಕೇ ನಿಮಗೂ ಬರ್ತಿಲ್ಲ."

ಇಂಚರಾ ಮೀಟರನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅವಳೇ ಹೇಳಿದಳು. "ತಪ್ಪು ನಮ್ಮದೂ ಇದೆ. ತೆಗೆದುಕೊಳ್ಳೋರ ರಕ್ತ ವಾರವಾರ ನೋಡಿದ್ವಿ. ಕೊಡೋರದು ಒಂದು ಸಲವೂ ನೋಡ್ಲಿಲ್ಲ. ನೋಡಬೇಕು ಅಂತ ನನಗೂ ಹೊಳೀಲಿಲ್ಲ."

ಗೌಡರು ಕೆಟ್ಟವರಲ್ಲ. ಹೆಂಡತಿಯ ಮುಖ ನೋಡಿದರು, ಕಣ್ಣು ಒದ್ದೆಯಾಯಿತು. ಆದರೆ ಅಧ್ಯಕ್ಷರ ತಲೆ ಕಣ್ಣಿಗಿಂತ ಬೇಗ ಓಡುವಂಥದು. "ಅಂಗಾರೆ ಮೈಸೂರಿಂದ ಸೊಸೇನ ಕರುಸ್ಲಾ?" ಎಂದರು.

"ಸೊಸೆ ತಂಟೆಗೆ ಹೋಗ್ಬ್ಯಾಡಿ."

ಈ ದನಿ ಯಾರದು ಎಂದು ಗೌಡರು ಒಂದು ಗಳಿಗೆ ಬಾಗಿಲ ಕಡೆ ನೋಡಿದರು. ಜಯಶೀಲಮ್ಮ ಕುರ್ಚಿಯಿಂದ ಎದ್ದು ನಿಂತಿದ್ದರು.

ಇಂಚರಾ ದಾರಿ ಹೇಳಿದಳು. ಕಣಸೇತುವನ್ನು ತಿರುಗಿಸಬೇಕು. ಇನ್ನು ಮೇಲೆ ಗೌಡರು ನಡೆಯಬೇಕು, ಕಣಗಳು ಅಮ್ಮನಿಗೆ ದಾಟಬೇಕು, ಅಮ್ಮ ಮೊದಲು ಉಣ್ಣಬೇಕು. ಆಗದು ಎನ್ನಲು ಗೌಡರು ಬಾಯಿ ತೆರೆದವರು ಹಾಗೇ ಮುಚ್ಚಿದರು. ಹಾಲು ಸಂಘಕ್ಕೆ ಹಾಲು ಹಾಕುವವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಅಧ್ಯಕ್ಷ ಹೆಂಡತಿಯ ಸತ್ವ ಹೀರಿದ ಎಂಬ ಸುದ್ದಿ ಒಂದು ಡೇರಿಯಲ್ಲಿ ಹಬ್ಬಿದರೆ ಸಂಜೆಯೊಳಗೆ ಎಲ್ಲ ಡೇರಿಗಳಿಗೂ ಹೋಗುತ್ತದೆ.

"ನಡೀತೀನಿ ಬುಡಿ," ಎಂದರು.

ಇಂಚರಾ ತನ್ನ ಮೇಲಿನವರಿಗೂ ವಿಷಯ ತಿಳಿಸಿದಳು. ಕೊಡುವವರೆಲ್ಲರ ರಕ್ತ ಪರೀಕ್ಷೆಯಾಗಬೇಕು, ಅಲ್ಲಿಯವರೆಗೆ ಯಂತ್ರ ನಿಲ್ಲಿಸಬೇಕು ಎಂದಳು. ಕೊಡುವವರು ಆಸ್ಪತ್ರೆಯ ರೋಗಿಗಳಲ್ಲ, ಆರೋಗ್ಯವಂತರು ಎಂದೇ ಅವರನ್ನು ಆರಿಸಿರುವುದರಿಂದ ಅವರ ರೋಗ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರ ಬಂತು. ಅವಳು ಮತ್ತೆ ಮತ್ತೆ ಕೇಳಿದಳು. ಉತ್ತರ ಬದಲಾಗಲಿಲ್ಲ.

ಇತ್ತ ಬೋರಲಿಂಗೇಗೌಡರ ನಡಿಗೆ ಊರಿನ ದೊಡ್ಡ ಸುದ್ದಿಯಾಯಿತು. ಅವರು ಒಬ್ಬರೇ ನಡೆದು ಗೊತ್ತಿದ್ದವರಲ್ಲ, ಆದ್ದರಿಂದ ಹಿಂದೆ ಮುಂದೆ ಬೆಂಬಲಿಗರು ನಡೆದರು. ಎರಡನೆಯ ದಿನವೇ ಸ್ಟೇಡಿಯಂ ಗೇಟಿನಲ್ಲಿ ಫ್ಲೆಕ್ಸ್ ಎದ್ದಿತು: ಪತ್ನಿಗಾಗಿ ಪಾದಯಾತ್ರೆ. ಅದರಲ್ಲಿ ಗೌಡರು ಕೈಮುಗಿದು ನಿಂತಿದ್ದರು. ಪತ್ನಿಯ ಫೋಟೋಕ್ಕೆ ಜಾಗ ಸಾಲದೆ ಹೋಗಿತ್ತು. ಗೌಡರು ಅರ್ಧ ಸುತ್ತಿಗೆ ಏದುಸಿರು ಬಿಡುತ್ತಿದ್ದರು, ಒಂದು ಸುತ್ತಿಗೆ ಬೆಂಚು ಹುಡುಕುತ್ತಿದ್ದರು. ಆದರೂ ದಿನ ತಪ್ಪಿಸಲಿಲ್ಲ, ಅದನ್ನು ಒಪ್ಪಲೇಬೇಕು. ಮನೆಗೆ ಬಂದು ಕೊಡುವವರ ಕುರ್ಚಿಯಲ್ಲಿ ಕೂತು, "ಇವತ್ತು ನಿಂಗೆ ಜಾಸ್ತಿ ಕೊಟ್ಟಿವ್ನಿ, ನೋಡ್ಕೊ," ಎನ್ನುತ್ತಿದ್ದರು. ಹೆಂಡತಿಯ ತಟ್ಟೆಯ ಮೇಲೂ ಕಣ್ಣಿಟ್ಟರು. ಜಯಶೀಲಮ್ಮ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಸಾಕು, "ನಾನು ಬೆವ್ರು ಸುರ್ಸಿ ಕೊಟ್ಟದ್ದ ಮಣ್ಣುಪಾಲು ಮಾಡ್ತೀಯಲ್ಲ," ಎಂದು ನೊಂದುಕೊಳ್ಳುವರು. ತಾವು ಕೊಟ್ಟ ಅಷ್ಟೂ ದಿನ ಹೀಗೊಂದು ಮಾತು ಆಡಬಹುದೆಂದು ಜಯಶೀಲಮ್ಮನಿಗೆ ತೋಚಿರಲೇ ಇಲ್ಲ.

ಜಯಶೀಲಮ್ಮನ ಸಕ್ಕರೆ ನಿಧಾನವಾಗಿ ಇಳಿಯಿತು. ಕಣ್ಣು ಇನ್ನಷ್ಟು ಕೆಡುವುದು ನಿಂತಿತು. ಪರೀಕ್ಷೆಗೆ ಹೋದ ದಿನ ಅವರು, "ಎಲ್ಲಾ ನಮ್ಮೆಜಮಾನ್ರ ದಯ ಕಣವ್ವ," ಎಂದರು. ಇಂಚರಾ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತಳು.

"ಅಮ್ಮಾ, ನಿಮಗೆ ಸುಳ್ಳು ಹೇಳಲಾರೆ. ಗೌಡ್ರಿಂದ ನಿಮಗೆ ಏನೂ ಬರ್ತಿಲ್ಲ. ಅಷ್ಟು ವರ್ಷ ಕೂತಿದ್ದ ಸ್ನಾಯು ಅದು, ಅದರ ಕಣದಲ್ಲಿ ಇನ್ನೂ ಸತ್ವ ಇಲ್ಲ. ದಾಟೋದು ಬರೀ ನೀರು ಅಂದುಕೊಳ್ಳಿ, ನಡೆದು ಕರಗೋ ಸಕ್ಕರೆಯ ಲಾಭ ಮಾತ್ರ ಅವರಿಗೇ."

"ಮತ್ತೆ ನಂಗೆ ವಾಸಿ ಆಯ್ತಾ ಇರೋದು?"

"ನಿಮ್ಮದನ್ನ ಯಾರೂ ತೆಗೀತಿಲ್ಲವಲ್ಲ, ಅದಕ್ಕೆ. ಬಿಸಿ ಊಟ ಹೊತ್ತಿಗೆ ಸರಿಯಾಗಿ ಮಾಡ್ತಿದ್ದೀರಿ. ಸಂಜೆ ನಡೀತೀರಿ. ನೀವು ನಡೆದದ್ದು ನಿಮಗೇ ಉಳೀತಿದೆ."

ಜಯಶೀಲಮ್ಮನಿಗೆ ದುಃಖವಾಯಿತು, ನಗುವೂ ಬಂತು. ಯಾವುದು ಮೊದಲು ಬಂತೆಂದು ಅವರಿಗೇ ಗೊತ್ತಾಗಲಿಲ್ಲ.

"ಗೌಡ್ರಿಗೆ ಹೇಳ್ಲಾ?" ಇಂಚರಾ ಕೇಳಿದಳು.

"ಬ್ಯಾಡ. ಹೇಳಿದ್ರೆ ನಿಲ್ಲಿಸ್ಬುಡ್ತಾರೆ. ಅವ್ರ ಸಕ್ಕರೆನೂ ಇಳೀತಾ ಅದೆ. ನನ್ನೆಸರು ಹೇಳ್ಕೊಂಡು ನಡೀಲಿ."

ಚುನಾವಣೆಯಲ್ಲಿ ಗೌಡರು ಗೆದ್ದರು. ಹೆಂಗಸರ ಮತಗಳು ಗಂಟುಗಟ್ಟಿ ಬಿದ್ದಿದ್ದವು. ಸ್ಟೇಡಿಯಂ ಪಕ್ಕದ ಸಮುದಾಯ ಭವನದಲ್ಲಿ ಸಂಜೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಏಲಕ್ಕಿ ಹಾರ. ಹೆಂಡತಿಗಾಗಿ ನಡೆದ ಗಂಡನನ್ನು ಈ ಜಿಲ್ಲೆ ಕಂಡಿರಲಿಲ್ಲ ಎಂದು ಒಬ್ಬರು ಹೇಳಿದರು. ಇಂಥ ಗಂಡ ಸಿಗಲು ಏಳು ಜನ್ಮದ ಪುಣ್ಯ ಬೇಕು ಎಂದು ಇನ್ನೊಬ್ಬರು ಹೇಳಿ, ಮುಂದಿನ ಸಾಲಿನಲ್ಲಿ ಕೂತಿದ್ದ ಜಯಶೀಲಮ್ಮನ ಕಡೆ ಕೈತೋರಿಸಿದರು. ಎಲ್ಲರೂ ಅವರ ಪುಣ್ಯಕ್ಕೆ ಚಪ್ಪಾಳೆ ತಟ್ಟಿದರು. ತಾವು ವರ್ಷಗಟ್ಟಲೆ ನಡೆದಾಗ ಕೈಗೆ ಒಂದು ನಿಂಬೆಹಣ್ಣು ಕೊಟ್ಟವರಿರಲಿಲ್ಲ ಎಂಬುದು ಜಯಶೀಲಮ್ಮನ ಮನಸ್ಸಿಗೆ ಬಂದು ಹೋಯಿತು. ಭಾಷಣಗಳು ಮುಗಿಯುವ ಹಾಗೆ ಕಾಣಲಿಲ್ಲ. ಹೊರಗೆ ಹೊತ್ತು ಇಳಿಯುತ್ತಿತ್ತು, ನಡೆಯುವ ವೇಳೆ ಮೀರುತ್ತಿತ್ತು. ಸೆರಗು ಸರಿಮಾಡಿಕೊಂಡು ಅವರು ಎದ್ದು ಹೊರಟರು. ವೇದಿಕೆಯ ಮೇಲಿದ್ದವರು ಗಮನಿಸಲಿಲ್ಲ.

ಸ್ಟೇಡಿಯಂನಲ್ಲಿ ಎರಡನೆಯ ಸುತ್ತಿಗೆ ಒಬ್ಬ ಎಳೆಯ ಹೆಂಗಸು ಜೊತೆಯಾದಳು. ಮದುವೆಯಾಗಿ ಹೆಚ್ಚು ದಿನವಾಗಿಲ್ಲ ಎಂದು ಕತ್ತಿನ ಹೊಸ ಸರ ಹೇಳುತ್ತಿತ್ತು.

"ಯಾರಿಗೆ ನಡೀತಾ ಇದ್ದೀರಕ್ಕ?"

ಆ ಮೈದಾನದಲ್ಲಿ ಈಗ ಅದು ಊಟವಾಯ್ತಾ ಎನ್ನುವಷ್ಟು ಸಾಮಾನ್ಯವಾದ ಮಾತು.

"ನಂಗೇ ಕಣವ್ವ."

ಹುಡುಗಿ ಅತ್ತಿತ್ತ ನೋಡಿ ಹತ್ತಿರ ಸರಿದಳು. ಆಮೇಲೆ ದನಿ ತಗ್ಗಿಸಿ, "ಯಾಕಕ್ಕ, ಮನೇಲಿ ಏನಾರ ಜಗಳ ಆಯ್ತಾ?" ಎಂದು ಕೇಳಿದಳು.

ಜಯಶೀಲಮ್ಮ ನಕ್ಕುಬಿಟ್ಟರು. "ಇಲ್ಲ ಕಣವ್ವ, ಎಲ್ಲಾ ಚೆನ್ನಾಗವ್ರೆ. ನೀನು ಯಾರಿಗೆ?"

"ಎಜಮಾ‌ನ್ರುದು ಬೆಳಗ್ಗೆನೇ ಮುಗೀತು. ಇದು ನಮ್ಮ ಮಾವನೋರ್ದು. ಇನ್ನೂ ಮೂರು ಸುತ್ತು ಅದೆ." ಹೇಳುತ್ತಲೇ ಅವಳು ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಹಣೆ ತಣ್ಣಗೆ ಬೆವೆತಿತ್ತು. "ಒಂದು ಗಳಿಗೆ ಕೂತಿದ್ದು ಏಳ್ತೀನಿ ಅಕ್ಕ. ಈಗೀಗ ಹಿಂಗೆ ತಲೆ ಸುತ್ತು ಬತ್ತದೆ. ಬಿಸ್ಲಲ್ವಾ?"

ಸೂರ್ಯ ಮುಳುಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ಭವನದ ಮೈಕಿನಲ್ಲಿ ಗೌಡರ ಗಂಟಲು ಕೇಳಿಸುತ್ತಿತ್ತು, ಅವರು ಊರಿನ ಪ್ರತಿಯೊಂದು ಮನೆಗೂ ಒಂದು ಕಣಸೇತು ಕೊಡಿಸುವ ಭರವಸೆ ಕೊಡುತ್ತಿದ್ದರು. ಜಯಶೀಲಮ್ಮ ಹುಡುಗಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು.

"ನಿಂಗೆ ಸಕ್ಕರೆ ಎಷ್ಟದೆ ಅಂತ ನೋಡವ್ರಾ?"

"ನಂಗೆ ಕಾಯ್ಲೆ ಇಲ್ಲಕ್ಕ. ಕಾಯ್ಲೆ ಇರೋದು ಮಾವನೋರಿಗೆ."

"ಏಳು ಮಗ. ಆಸ್ಪತ್ರೇಲಿ ಡಾಕ್ಟ್ರಮ್ಮ ಇನ್ನೂ ಇರ್ತಾರೆ."

"ಇನ್ನೂ ಮೂರು ಸುತ್ತು ಅದಲ್ಲಕ್ಕ. ಕೇಳಿದ್ರೆ ಏನಂತ ಹೇಳ್ಲಿ?"

"ನಿಮ್ಮಾವನೇ ಬಂದು ನಡ್ಕೊಳ್ಲಿ," ಎಂದು ಜಯಶೀಲಮ್ಮ ಅವಳ ಸೊಂಟಕ್ಕೆ ಕೈಕೊಟ್ಟು ಎಬ್ಬಿಸಿದರು. ಚಪ್ಪಾಳೆಯ ಸದ್ದು ಕೇಳುತ್ತಿದ್ದ ಕಡೆಗೆ ಬೆನ್ನುಹಾಕಿ, ಇಬ್ಬರೂ ನಿಧಾನವಾಗಿ ಆಸ್ಪತ್ರೆಯ ದಾರಿ ಹಿಡಿದರು.